ಮೊಳೆಯಿಂದ ಯುನಿಕೋಡಿಗೆ: ಗಣಕದಲ್ಲಿ ಕನ್ನಡ ಕೂತ ಬಗೆ

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪು ಮಾಡಿ ಉಳಿಸಿದ ಕಡತದೊಳಗೆ ಏಳು ಸಂಖ್ಯೆಗಳಿರುತ್ತವೆ: 80, 192, 163, 192, 223, 113, 192. ಇವುಗಳಲ್ಲಿ 80 ಇಂಗ್ಲಿಷಿನ ದೊಡ್ಡಕ್ಷರ ‘ಪಿ’ಯ ಸಂಕೇತ. 163 ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತಿಗೆ ಮೀಸಲಾದದ್ದು. ಆ ಫಾಂಟು ಇರುವ ಯಂತ್ರದ ಪರದೆಯ ಮೇಲೆ 80 ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲಾಗಿ, 192 ತಲೆಕಟ್ಟಾಗಿ, 223 ನಕಾರದ ಒತ್ತಾಗಿ ಮೂಡುತ್ತವೆ. ಮೂರೂ ಕೂಡಿಕೊಂಡು ಓದುಗನ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ಪರದೇಶದ ಅಕ್ಷರಗಳ ಗೋಜಲು. ಯುನಿಕೋಡಿನಲ್ಲಿ ಇದೇ ಪದಕ್ಕೆ ಐದು ಸಂಖ್ಯೆ ಸಾಕು: 3221, 3240, 3277, 3240, 3233. ಅಂದರೆ ಕ, ನ, ವಿರಾಮ, ನ, ಡ. ಮೊದಲ ಪಟ್ಟಿಯಲ್ಲಿರುವುದು ಪದದ ಚಿತ್ರವನ್ನು ಕತ್ತರಿಸಿದ ತುಂಡುಗಳು, ಎರಡನೆಯದರಲ್ಲಿರುವುದು ಪದದ ಅಕ್ಷರಗಳು. ಗಣಕದಲ್ಲಿ ಕನ್ನಡದ ಚರಿತ್ರೆ ಬಹುಪಾಲು ಈ ಎರಡು ಪಟ್ಟಿಗಳ ನಡುವಿನ ದಾರಿಯ ಚರಿತ್ರೆಯೇ.

ಅಕ್ಷರವನ್ನು ತುಂಡುಮಾಡಿ ಜೋಡಿಸುವ ಅಭ್ಯಾಸ ಗಣಕಕ್ಕಿಂತ ಬಹಳ ಹಳೆಯದು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಅಲ್ಲಿ ಕೈಬರಹವೇ ಕಲ್ಲಿನ ಮೇಲೆ ಮೂಡುತ್ತಿದ್ದುದರಿಂದ ಒತ್ತು, ಕೊಂಬುಗಳ ತಾಪತ್ರಯವಿರಲಿಲ್ಲ. ಮರುವರ್ಷ ಪತ್ರಿಕೆ ಮೊಳೆಯಚ್ಚಿಗಾಗಿ ಬಳ್ಳಾರಿಗೆ ಹೋಯಿತು, ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು. ಮೊಳೆಯಚ್ಚಿನಲ್ಲಿ ಕನ್ನಡ ಜೋಡಿಸುವವನ ಎದುರಿಗೆ ಇಂಗ್ಲಿಷಿನ ಅಚ್ಚುಕಾರನಿಗಿಂತ ಎಷ್ಟೋ ಪಾಲು ಹೆಚ್ಚು ಖಾನೆಗಳು. ಕನ್ನಡದ 34 ವ್ಯಂಜನಗಳಿಗೆ ಅನುಸ್ವಾರ ವಿಸರ್ಗ ಸೇರಿ ಹದಿನೈದು ಬಗೆಯ ಕಾಗುಣಿತವೆಂದರೆ 510 ರೂಪ. ಪ್ರತಿಯೊಂದಕ್ಕೂ ಒಂದೊಂದು ಒತ್ತು ಕೊಟ್ಟರೆ ಲೆಕ್ಕ 17,340ಕ್ಕೆ ಏರುತ್ತದೆ. ಅಷ್ಟು ಮೊಳೆ ಎರಕ ಹೊಯ್ಯಲು ಯಾರಿಂದಲೂ ಆಗದು. ಹಾಗಾಗಿ ಒತ್ತಿಗೆ ಬೇರೆ ಮೊಳೆ, ಅರ್ಕಾವೊತ್ತಿಗೆ ಬೇರೆ, ದೀರ್ಘಕ್ಕೆ ಬೇರೆ ಎಂದು ಬಿಡಿಭಾಗಗಳಾದವು. ಗುಡಿಸು ಬಂದಾಗ ಆಕಾರವೇ ಬದಲಾಗುವ ‘ಕಿ’, ‘ಗಿ’ಗಳಿಗೆ ಪ್ರತ್ಯೇಕ ಮೊಳೆ ಬೇಕಾಯಿತು. ಈ ಖಾನೆಗಳ ಜಾಣ್ಮೆಯೇ ಒಂದೂವರೆ ಶತಮಾನದ ನಂತರ ಫಾಂಟುಗಳೊಳಗೆ ಹೊಕ್ಕಿತು.

ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಕೆಲಸವನ್ನು 1980ರ ದಶಕದಲ್ಲಿ ಕಾನ್ಪುರದ ಐಐಟಿಯ ತಂಡ ಸರಿಯಾದ ತುದಿಯಿಂದಲೇ ಹಿಡಿದಿತ್ತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ಉಡುಪುಗಳೆಂಬುದು ಅವರ ತಳಹದಿ. ‘ಕ’ ಎಂಬ ಅಕ್ಷರಕ್ಕೆ ಒಂದು ಸಂಕೇತ. ಅದನ್ನು ಕನ್ನಡದಲ್ಲಿ ತೋರಿಸಬೇಕೋ ದೇವನಾಗರಿಯಲ್ಲೋ ಎಂಬುದು ಆಮೇಲಿನ ಮಾತು. ಈ ವಿಚಾರದಿಂದ ಹುಟ್ಟಿದ ಸಂಕೇತಮಾಲೆಗೆ ಇಸ್ಕಿ ಎಂದು ಹೆಸರು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರ ಜೊತೆಗೆ ಬಂದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲೂ ಎಲ್ಲ ಲಿಪಿಗಳ ಕಕಾರಕ್ಕೆ ಒಂದೇ ಕೀಲಿ. ಅಕ್ಷರಗಳ ಸಾಲನ್ನು ಆಕಾರಕ್ಕೆ ತಿರುಗಿಸುವ ಕೆಲಸಕ್ಕೆ ‘ಜಿಸ್ಟ್’ ಎಂಬ ಯಂತ್ರಫಲಕವಿತ್ತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ ಆ ಫಲಕವನ್ನು ಗಣಕದೊಳಗೆ ಸಿಕ್ಕಿಸಿದರೆ ಡಾಸ್ ಕಾರ್ಯಾಚರಣ ವ್ಯವಸ್ಥೆಯ ಕಪ್ಪು ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು.

ಇಷ್ಟು ಸರಿಯಾದ ದಾರಿ ಬಿಟ್ಟುಹೋದದ್ದಕ್ಕೆ ಕಾರಣ ಮುದ್ರಣಾಲಯಗಳ ಅವಸರ. ಆಲ್ಡಸ್ ಕಂಪನಿ 1985ರಲ್ಲಿ ಮ್ಯಾಕಿಂಟಾಷ್‌ಗೆಂದು ತಂದ ಪೇಜ್‌ಮೇಕರ್, ಲೇಸರ್ ಪ್ರಿಂಟರಿನ ಜೊತೆಗೂಡಿ ಮೊಳೆಯಚ್ಚಿನ ಕಾಲವನ್ನು ಮುಗಿಸಿತು. ಅದು ವಿಂಡೋಸಿಗೂ ಬಂದ ಮೇಲೆ ಊರೂರಿನಲ್ಲಿ ಡಿಟಿಪಿ ಅಂಗಡಿಗಳು ತೆರೆದವು. ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಕವನ ಸಂಕಲನ ಎಲ್ಲವೂ ಅಲ್ಲಿಂದಲೇ ಹೊರಡತೊಡಗಿದವು. ಆದರೆ ಪೇಜ್‌ಮೇಕರಿಗೂ ಅಂದಿನ ವಿಂಡೋಸಿಗೂ ಗೊತ್ತಿದ್ದದ್ದು ಒಂದೇ ನಿಯಮ: ಒಂದು ಸಂಕೇತಕ್ಕೆ ಒಂದು ಆಕಾರ. ಎರಡು ನಕಾರಗಳ ನಡುವೆ ವಿರಾಮ ಬಂದರೆ ಎರಡನೆಯದು ಕೆಳಗಿಳಿದು ಒತ್ತಾಗಬೇಕು ಎಂಬ ತಿಳಿವಳಿಕೆ ಕಾರ್ಯಾಚರಣ ವ್ಯವಸ್ಥೆಗೆ ಇರಲಿಲ್ಲ. ಇದ್ದದ್ದು 256 ಮನೆಗಳ ಒಂದು ಓಣಿ, ಅದರಲ್ಲೂ ಕೆಲವು ಮನೆಗಳು ಬಳಸಲು ಬಾರದವು. ಉಳಿದವುಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಖಾಲಿಮಾಡಿಸಿ ಕನ್ನಡದ ತುಂಡುಗಳನ್ನು ಕೂರಿಸಲಾಯಿತು. ಹಳೆಯ ಮೊಳೆಪೆಟ್ಟಿಗೆಯನ್ನೇ ಗಣಕದೊಳಗೆ ಇಳಿಸಿದಂತೆ. ಜಿಸ್ಟ್ ಫಲಕದ ಸಿ-ಡ್ಯಾಕ್ ಕೂಡ ಡಿಟಿಪಿಗಾಗಿ ‘ಇಸ್ಫಾಕ್’ ಎಂಬ ಫಾಂಟು ಸಂಕೇತವನ್ನು ಮಾಡಬೇಕಾಯಿತೆಂದರೆ ಅಂದಿನ ಒತ್ತಡ ಅರ್ಥವಾಗುತ್ತದೆ.

ಹೀಗೆ ಬಂದವು ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಅವುಗಳ ಜೊತೆಗೆ ಪ್ರಕಾಶಕ್ ಮೊದಲಾದ ತಂತ್ರಾಂಶಗಳು. ಅಂದದ ಅಕ್ಷರಗಳನ್ನು ಕೊಟ್ಟ ಕೀರ್ತಿ ಇವುಗಳಿಗೆ ಸಲ್ಲಬೇಕು. ಕನ್ನಡ ಪುಸ್ತಕೋದ್ಯಮ ಎರಡು ದಶಕ ನಿಂತದ್ದೇ ಇವುಗಳ ಮೇಲೆ. ಆದರೆ ಯಾವ ತುಂಡು ಯಾವ ಮನೆಯಲ್ಲಿ ಕೂರಬೇಕೆಂಬುದನ್ನು ಪ್ರತಿ ಕಂಪನಿಯೂ ತನ್ನಿಚ್ಛೆಯಂತೆ ನಿರ್ಧರಿಸಿತು. ಒಂದರಲ್ಲಿ ಜೋಡಿಸಿದ ಪುಸ್ತಕ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ತಂತ್ರಾಂಶ ಬದಲಿಸಿದ ಪತ್ರಿಕೆಗೆ ತನ್ನದೇ ಹಳೆಯ ಸಂಚಿಕೆಗಳು ಪರಭಾಷೆಯಾದವು.

ಕೀಲಿಮಣೆಯ ಮಾತು ಬಂದರೆ ಕೆ. ಪಿ. ರಾವ್ ಅವರ ಹೆಸರು ಮೊದಲು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಅವರು ಗಣಕ ಮನೆಗೆ ಬರುವ ಮುಂಚೆಯೇ ಅಕ್ಷರಜೋಡಣೆಯ ಯಂತ್ರಗಳ ಮೇಲೆ ಕೆಲಸ ಮಾಡಿದವರು. ಅವರ ವಿನ್ಯಾಸ ಸರಳ: ಇಂಗ್ಲಿಷ್ ಕೀಲಿಮಣೆಯ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಸ್ವರದ ಕೀಲಿಯೇ ವ್ಯಂಜನದ ನಂತರ ಬಂದರೆ ಕಾಗುಣಿತ, ‘ಎಫ್’ ಕೀಲಿ ಒತ್ತಕ್ಷರದ ಕೊಂಡಿ. ಇದರಲ್ಲಿ ಕೀಲಿಗಳ ಸಂಖ್ಯೆ ಕಡಿಮೆಯಾದದ್ದಷ್ಟೇ ಲಾಭವಲ್ಲ. ಟೈಪು ಮಾಡುವವನು ಆಕಾರವನ್ನು ಮರೆತು ಉಚ್ಚಾರದ ಕ್ರಮದಲ್ಲಿ ಬರೆಯುತ್ತಾನೆ. ಪರದೆಯ ಹಿಂದೆ ತುಂಡುಗಳು ಹೇಗಾದರೂ ಕೂತಿರಲಿ, ಬೆರಳು ಮಾತ್ರ ಕನ್ನಡದ ವ್ಯಾಕರಣವನ್ನು ಪಾಲಿಸುತ್ತಿತ್ತು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ರಾವ್ ಉಚಿತವಾಗಿ ಹಂಚಿದರು. ಈ ವಿನ್ಯಾಸವೇ ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕನ್ನಡ ಕೀಲಿಮಣೆಗೆ ಆಧಾರವಾಯಿತು. ಲಿನಕ್ಸಿನಲ್ಲಿ ಅದು ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ: ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ‘ಕಗಪ’ ಕೀಲಿಮಣೆಗಳಿವೆ. ಬೆಂಗಳೂರಿನ ಒಂದು ಸಂಸ್ಥೆಯ ಹೆಸರನ್ನು ಹಿಂದಿ ಬರೆಯುವವರೂ ಆಯ್ದುಕೊಳ್ಳುವಂತಾದದ್ದು ಕನ್ನಡಕ್ಕೆ ಹೆಮ್ಮೆಯ ಸಂಗತಿ.

ಇನ್ನೊಂದು ದಾರಿ ಶೇಷಾದ್ರಿ ವಾಸು ಅವರದು. 1998ರಲ್ಲಿ ಅವರು ಉಚಿತವಾಗಿ ಬಿಟ್ಟ ‘ಬರಹ’ದಲ್ಲಿ ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ತಂತ್ರಾಂಶ ಅದನ್ನು ಕನ್ನಡ ಲಿಪಿಗೆ ತಿರುಗಿಸುತ್ತಿತ್ತು. ಕೀಲಿಮಣೆ ಕಲಿಯದವರಿಗೂ, ಹೊರನಾಡಿನಲ್ಲಿ ಇಂಗ್ಲಿಷಿನಲ್ಲೇ ಮಿಂಚಂಚೆ ಬರೆಯುತ್ತಿದ್ದವರಿಗೂ ಅದು ವರವಾಯಿತು. ಕನ್ನಡ ಬರೆಯಲು ಇಂಗ್ಲಿಷಿನ ಮೂಲಕ ಹಾಯಬೇಕೇ ಎಂಬ ಆಕ್ಷೇಪ ಆಗಲೇ ಎದ್ದಿತು, ಇಂದಿಗೂ ತಣ್ಣಗಾಗಿಲ್ಲ. ಆಕ್ಷೇಪದಲ್ಲಿ ಹುರುಳಿದೆ, ‘ಕ’ ಬರೆಯಲು ಎರಡು ಇಂಗ್ಲಿಷ್ ಅಕ್ಷರ ಯೋಚಿಸಬೇಕಾದದ್ದು ಸಹಜವಲ್ಲ. ಆದರೆ ಬರಹ ಬಾರದೆ ಇದ್ದಿದ್ದರೆ ಆ ಕಾಲದ ಎಷ್ಟೋ ಜನ ಗಣಕದಲ್ಲಿ ಕನ್ನಡವನ್ನು ಬರೆಯುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ನಿಜ.

2000ರ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಹೊರತಂದಿತು. ಅದೂ ಉಚಿತ. ತಹಶೀಲ್ದಾರರ ಕಚೇರಿಯಿಂದ ವಿಧಾನಸೌಧದವರೆಗೆ ಕನ್ನಡದ ಪತ್ರವ್ಯವಹಾರ ಗಣಕಕ್ಕೆ ಬಂದದ್ದು ನುಡಿಯಿಂದ. ನುಡಿಯ ಮತ್ತು ಬರಹದ ಹಳೆಯ ಫಾಂಟುಗಳ ಸಂಕೇತವಿನ್ಯಾಸ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಕಡತಗಳನ್ನು ಕೊಟ್ಟು ತೆಗೆದುಕೊಳ್ಳುವುದು ಮೊದಲ ಬಾರಿಗೆ ಸುಲಭವಾಯಿತು. ಸಾಹಿತಿಗಳಲ್ಲಿ ಈ ವಿಷಯವನ್ನು ತಮ್ಮದೇ ಹೋರಾಟವೆಂಬಂತೆ ಹಚ್ಚಿಕೊಂಡವರು ಪೂರ್ಣಚಂದ್ರ ತೇಜಸ್ವಿ. ಕನ್ನಡದ ಉಳಿವು ಗಣಕದಲ್ಲಿ ಅದರ ಸ್ಥಾನವನ್ನು ಅವಲಂಬಿಸಿದೆ ಎಂದು ಕೊನೆಯ ವರ್ಷಗಳಲ್ಲಿ ಪಟ್ಟುಹಿಡಿದು ವಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶ ಬಂದದ್ದರ ಹಿಂದೆಯೂ ಅವರ ಕಾಳಜಿಯಿತ್ತು.

ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವ, ಆಸ್ಕಿ ಕನ್ನಡವೆಂದು ರೂಢಿಯಾದ ಪದ್ಧತಿಯ ದೋಷ ಕಾಗದದ ಮೇಲೆ ಕಾಣುತ್ತಿರಲಿಲ್ಲ. ಅಕ್ಷರ ಎಣಿಸುವ, ಹುಡುಕುವ, ಜೋಡಿಸುವ ಕೆಲಸ ಬಂದಾಗ ಬಯಲಾಗುತ್ತಿತ್ತು. ಅಕಾರಾದಿಯನ್ನೇ ನೋಡಬಹುದು. ನುಡಿಯಲ್ಲಿ ಕ, ಕಾ, ಕು, ಕೆ, ಕೊ ಎಲ್ಲವೂ 80ರಿಂದ ಶುರುವಾಗುತ್ತವೆ. ‘ಕಿ’ ಮಾತ್ರ ಸ್ವತಂತ್ರ ಮೊಳೆಯಾದ್ದರಿಂದ 81. ಗಣಕಕ್ಕೆ ವಿಂಗಡಿಸಲು ಹೇಳಿದರೆ ‘ಕೋಲಾರ’ ಮುಗಿದ ಮೇಲೆ ‘ಕಿನ್ನಿಗೋಳಿ’ ಬರುತ್ತದೆ. ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ದಾಖಲಾಗುವುದರಿಂದ ‘ಕರ್ಮ’ದಲ್ಲಿ ಮೊದಲು ಮಕಾರ, ಆಮೇಲೆ ರೇಫ. ವರ್ಡ್ ತಂತ್ರಾಂಶ ವಾಕ್ಯದ ಮೊದಲಕ್ಷರವನ್ನು ತಾನಾಗಿ ದೊಡ್ಡದು ಮಾಡಹೊರಟರೆ 113 ಎಂಬುದು 81 ಆಗಿ, ಡಕಾರದ ಜಾಗದಲ್ಲಿ ‘ಕಿ’ ಬಂದು ಕೂರಬಹುದಿತ್ತು. ಪದಕೋಶ, ಮತದಾರರ ಪಟ್ಟಿ, ಪಹಣಿ ಇಂಥವಕ್ಕೆ ಚಿತ್ರದ ತುಂಡುಗಳಿಂದ ಪ್ರಯೋಜನವಿಲ್ಲ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದಾಗ, ರೈತನ ಹೆಸರು ಅಚ್ಚಾದರಷ್ಟೇ ಸಾಲದು, ಹುಡುಕಿದಾಗ ಸಿಗಲೂಬೇಕು ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಅಂತರಜಾಲದಲ್ಲಿ ತೊಂದರೆ ಇನ್ನಷ್ಟು ಢಾಳಾಗಿ ಕಂಡಿತು. 1996ರಲ್ಲಿ ಯು. ಬಿ. ಪವನಜ ಅವರು ಶುರುಮಾಡಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಜಾಲತಾಣ. ಆ ಕಾಲದ ತಾಣಗಳನ್ನು ಓದಬೇಕಾದರೆ ಮೊದಲು ಫಾಂಟು ಇಳಿಸಿಕೊಳ್ಳಬೇಕು, ಪತ್ರಿಕೆಗೊಂದು ಫಾಂಟು. ಫಾಂಟನ್ನು ಪುಟದ ಜೊತೆಗೇ ಕಳಿಸುವ ಉಪಾಯ ಬಂದಿತಾದರೂ ಮೈಕ್ರೋಸಾಫ್ಟಿನದು ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ, ನೆಟ್‌ಸ್ಕೇಪಿನದು ನೆಟ್‌ಸ್ಕೇಪಿಗೆ. ಹುಡುಕುಯಂತ್ರಗಳಿಗಂತೂ ಕನ್ನಡದ ಪುಟವೊಂದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಪರಿಹಾರ ಇದೆಲ್ಲಕ್ಕಿಂತ ಮುಂಚೆಯೇ ಸಿದ್ಧವಾಗಿತ್ತು. 1991ರ ಅಕ್ಟೋಬರಿನಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ಸಿಕ್ಕಿದ್ದವು. ಇಸ್ಕಿಯ ಹಳೆಯ ಕರಡನ್ನೇ ಯುನಿಕೋಡ್ ಮಾದರಿಯಾಗಿ ಇಟ್ಟುಕೊಂಡದ್ದರಿಂದ ಕಾನ್ಪುರದ ವಿಚಾರ ಅಲ್ಲಿ ಬದುಕಿಕೊಂಡಿತು: ಕನ್ನಡದ ಕ ತನ್ನ ಓಣಿಯ ಆರಂಭದಿಂದ 21 ಮನೆ ದಾಟಿ ಇದ್ದರೆ, ದೇವನಾಗರಿಯದೂ ತೆಲುಗಿನದೂ ತಂತಮ್ಮ ಓಣಿಗಳಲ್ಲಿ ಅದೇ ಜಾಗದಲ್ಲಿವೆ. ಸಂಕೇತವಿತ್ತು, ಅದನ್ನು ಓದಿ ಒತ್ತು ಕೂರಿಸಬಲ್ಲ ಕಾರ್ಯಾಚರಣ ವ್ಯವಸ್ಥೆ ಇರಲಿಲ್ಲ. ವಿಂಡೋಸ್ 2000ಕ್ಕೆ ದೇವನಾಗರಿ ಮತ್ತು ತಮಿಳು ಬಂದವು. ಕನ್ನಡಕ್ಕೆ 2001ರ ವಿಂಡೋಸ್ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು. ನಡುವಿನ ಆ ಹತ್ತು ವರ್ಷಗಳೇ ನಿರ್ಣಾಯಕವಾದವು. ಡಿಟಿಪಿ ಅಂಗಡಿಗಳು ಬೇರುಬಿಟ್ಟದ್ದು, ಕಚೇರಿಗಳ ಸಿಬ್ಬಂದಿ ಟೈಪು ಕಲಿತದ್ದು, ಬರಹ ಮತ್ತು ನುಡಿ ಮನೆಮಾತಾಗುವ ನೆಲ ಹದವಾದದ್ದು ಆ ಅವಧಿಯಲ್ಲಿ. ವಿಂಡೋಸ್ 95ರಲ್ಲೇ ಕನ್ನಡವಿದ್ದಿದ್ದರೆ ಆಸ್ಕಿ ಕನ್ನಡದ ಕಡತಗಳ ಗುಡ್ಡ ಬೆಳೆಯುತ್ತಲೇ ಇರಲಿಲ್ಲ.

ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಪ್ರಾದೇಶಿಕ ಆಯ್ಕೆಗಳಿಗೆ ಹೋಗಿ ಸಂಕೀರ್ಣ ಲಿಪಿಗಳ ಗುರುತುಮನೆಗೆ ಗೆರೆ ಹಾಕಿ, ವಿಂಡೋಸಿನ ಮೂಲ ಸಿ.ಡಿ.ಯನ್ನು ತೂರಿಸಬೇಕಿತ್ತು. ಸೈಬರ್ ಕೆಫೆಯಲ್ಲಿ ಕೂತವನಿಗೆ ಸಿ.ಡಿ. ಎಲ್ಲಿಂದ ಬರಬೇಕು? ಅವನಿಗೆ ಕಾಣುತ್ತಿದ್ದದ್ದು ಸಾಲುಸಾಲು ಚೌಕಗಳು. ವ್ಯವಸ್ಥೆಯೊಂದಿಗೆ ಬಂದ ‘ತುಂಗಾ’ ಫಾಂಟು ಸಣ್ಣ ಗಾತ್ರದಲ್ಲಿ ಓದಲು ತ್ರಾಸ ಕೊಡುತ್ತಿತ್ತು. ಇಷ್ಟೆಲ್ಲ ಅಡ್ಡಿಗಳ ನಡುವೆ ಯುನಿಕೋಡ್ ಕನ್ನಡವನ್ನು ಹೊತ್ತು ಬೆಳೆಸಿದವರು ಸ್ವಯಂಸೇವಕರು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ಜಾಲತಾಣವನ್ನು ಆರಂಭಿಸಿದರು. ಬ್ಲಾಗು ಬರೆಯುವವರ ಒಂದು ತಲೆಮಾರು ಅಲ್ಲಿಂದ ಎದ್ದಿತು. ಫಾಂಟು ಹಾಕಿಕೊಳ್ಳುವುದು ಹೇಗೆ, ಒತ್ತು ಯಾಕೆ ಒಡೆಯುತ್ತಿದೆ, ಲಿನಕ್ಸಿನಲ್ಲಿ ಕನ್ನಡ ಸರಿಯಾಗಿ ಕಾಣಿಸಲು ಏನು ಮಾಡಬೇಕು ಎಂದು ಕೇಳಿದವರಿಗೆಲ್ಲ ತಾಳ್ಮೆಯಿಂದ ಉತ್ತರಿಸಿದ ಈ ಗೆಳೆಯರ ಬಳಗ ಕಾಸಿಲ್ಲದೆ ಮಾಡಿದ ಕೆಲಸ ದೊಡ್ಡದು. ಲಿನಕ್ಸಿನ ಪರದೆಗೆ ಕನ್ನಡದ ಮೆನುಗಳು ಬಂದದ್ದೂ ಇಂಥವರ ಅನುವಾದದಿಂದ.

ಯುನಿಕೋಡಿನಲ್ಲೂ ಹಳೆಯ ಮೊಳೆಯ ನೆರಳು ಪೂರ್ತಿ ಅಳಿದಿಲ್ಲ. ‘ೀ’ ಎಂಬ ಚಿಹ್ನೆಯನ್ನು ಅದು ಗುಡಿಸು ಮತ್ತು ದೀರ್ಘ ಎಂದು ಎರಡು ತುಂಡುಗಳಿಗೆ ಸಮವೆಂದು ಒಪ್ಪುತ್ತದೆ. ‘ೋ’ ಎಂದರೆ ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಎಂಬ ಮೂರು ತುಂಡು. ಧ್ವನಿಯ ದೃಷ್ಟಿಯಿಂದ ಇದಕ್ಕೆ ಅರ್ಥವೇ ಇಲ್ಲ, ಆಕಾರದ ದೃಷ್ಟಿಯಿಂದ ಮಾತ್ರ ಇದೆ. ಹಳಗನ್ನಡದ ೞ ಅಕ್ಷರಕ್ಕೆ 3294ನೆಯ ಮನೆ ಕೊಟ್ಟವರು ಅದನ್ನು ‘ಫ’ ಎಂಬ ಹೆಸರಿನಲ್ಲಿ ದಾಖಲಿಸಿದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಯುನಿಕೋಡಿನ ಕಟ್ಟಳೆ. ಹಾಗಾಗಿ ತಪ್ಪು ಹೆಸರು ಉಳಿದೇ ಇದೆ, ಪಕ್ಕದಲ್ಲಿ ತಪ್ಪೆಂಬ ಟಿಪ್ಪಣಿಯೂ ಇದೆ. ಹಳೆಯ ಹಸ್ತಪ್ರತಿಗಳ ನಕಾರಪೊಲ್ಲು 2021ರಲ್ಲಿ ಬಂದ 14ನೆಯ ಆವೃತ್ತಿಯಲ್ಲಿ ಮನೆ ಪಡೆಯಿತು. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗದೆ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಗುರುತೊಂದನ್ನು ಹಾಕಬೇಕು; ಅದನ್ನು ಮರೆತು ಬರೆದ ಪದ, ಹುಡುಕಿದಾಗ ಬೇರೆಯೇ ಪದವಾಗಿಬಿಡುತ್ತದೆ.

ಮೊಬೈಲಿನಲ್ಲಿ ಈ ಕಥೆ ಚುಟುಕಾಗಿ ಮರುಕಳಿಸಿತು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವೆಂದರೆ ಮತ್ತೆ ಚೌಕಗಳೇ. ಒಪೆರಾ ಮಿನಿ ಬ್ರೌಸರಿನ ಒಳಗಿನ ಆಯ್ಕೆಯೊಂದನ್ನು ಬದಲಿಸಿದರೆ ಅಕ್ಷರಗಳು ಚಿತ್ರವಾಗಿ ಬರುತ್ತಿದ್ದವು, ಆ ಗುಟ್ಟು ಬಾಯಿಂದ ಬಾಯಿಗೆ ಹರಡಿತು. ಕೆಲವೇ ವರ್ಷಗಳಲ್ಲಿ ಫೋನುಗಳಲ್ಲೇ ಕನ್ನಡ ಬಂದು, ಆಸ್ಕಿ ಎಂದರೇನೆಂದು ಗೊತ್ತಿಲ್ಲದ ಕೋಟ್ಯಂತರ ಜನ ಯುನಿಕೋಡಿನಲ್ಲಿ ಬರೆಯುವಂತಾಯಿತು.

ಮುದ್ರಣದಲ್ಲಿ ಬದಲಾವಣೆ ನಿಧಾನ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ಅದರ ಉತ್ತರಾಧಿಕಾರಿ ಇನ್‌ಡಿಸೈನಿನಲ್ಲಿ ಭಾರತೀಯ ಲಿಪಿಗಳಿಗೆ ನೆಲೆ ಸಿಕ್ಕಿದ್ದು 2012ರ ಸಿಎಸ್6ರ ಹೊತ್ತಿಗೆ. ಅಷ್ಟರಲ್ಲಿ ಪ್ರಕಾಶಕರ ಬಳಿ ಸಾವಿರಾರು ಪುಟಗಳು ಹಳೆಯ ಫಾಂಟಿನಲ್ಲಿ ಕೂಡಿಬಿದ್ದಿದ್ದವು. ಅಂದದ ಯುನಿಕೋಡ್ ಫಾಂಟುಗಳು ಬೆರಳೆಣಿಕೆಯಷ್ಟಿದ್ದುದರಿಂದ ಪುಸ್ತಕದ ಪುಟ ಕಟ್ಟುವವರು ಹಳೆಯದನ್ನು ಬಿಡಲು ಒಪ್ಪಲಿಲ್ಲ. ಅವರ ಹಿಂಜರಿಕೆ ಸೋಮಾರಿತನವಾಗಿರಲಿಲ್ಲ. ನುಡಿಯ ನಂತರದ ಆವೃತ್ತಿಗಳು ಎರಡು ಬಗೆಯಲ್ಲೂ ಬರೆಯಲು ಅನುವು ಮಾಡಿಕೊಟ್ಟವು. ಕೈ ಪಳಗಿದವರು ಹಳೆಯದನ್ನೇ ಆರಿಸಿಕೊಂಡರು. ವಾಣಿಜ್ಯ ತಂತ್ರಾಂಶಗಳಲ್ಲಿ ಕೆಲವು ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಬೀಗದೊಂದಿಗೆ ಬರುತ್ತಿದ್ದವು. ಹೊಸ ಗಣಕಗಳಲ್ಲಿ ಆ ಕಿಂಡಿಯೇ ಮಾಯವಾದಾಗ, ಕೊಂಡ ತಂತ್ರಾಂಶಕ್ಕಾಗಿ ಹಳೆಯ ಗಣಕವನ್ನೇ ಜೋಪಾನ ಮಾಡಬೇಕಾಯಿತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ ಮೇಲೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಅದು ಓಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಆಸ್ಕಿ ಕನ್ನಡವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಹಲವಾರಿವೆ. ತುಂಡುಗಳನ್ನು ಓದಿ, ಅರ್ಕಾವೊತ್ತನ್ನು ಅಕ್ಷರದ ಹಿಂದಕ್ಕೆ ಸರಿಸಿ, ಒತ್ತುಗಳಿಗೆ ವಿರಾಮ ಸೇರಿಸಿ ಪದವನ್ನು ಮತ್ತೆ ಕಟ್ಟುವುದು ಅವುಗಳ ಕೆಲಸ. ಬರೀ ಕನ್ನಡವಿರುವ ಕಡತವನ್ನು ಬಹುಮಟ್ಟಿಗೆ ಸರಿಯಾಗಿಯೇ ಬಿಡಿಸುತ್ತವೆ. ಇಂಗ್ಲಿಷ್ ಬೆರೆತಿದ್ದರೆ ಸೋಲುತ್ತವೆ. 80 ಎಂಬ ಸಂಖ್ಯೆ ಕಕಾರದ ಒಡಲೋ ನಿಜವಾದ ‘ಪಿ’ಯೋ ಎಂಬುದು ಆ ತುಣುಕಿಗೆ ಹಚ್ಚಿದ ಫಾಂಟಿನ ಹೆಸರಿನಿಂದ ಮಾತ್ರ ತಿಳಿಯುತ್ತದೆ, ಫಾಂಟಿನ ಮಾಹಿತಿ ಕಳಚಿದ ಸರಳ ಪಠ್ಯದಲ್ಲಿ ಆ ಸುಳಿವು ಉಳಿದಿರುವುದಿಲ್ಲ. ಹಳೆಯ ಆದೇಶಗಳ, ವರದಿಗಳ ಪಿಡಿಎಫ್‌ಗಳಲ್ಲಿ ಕಾಣುವ ಕನ್ನಡವನ್ನು ನಕಲು ಮಾಡಿ ಅಂಟಿಸಿದಾಗ ಪೌಂಡಿನ ಗುರುತುಗಳು ಉದುರುವುದು ಇದೇ ಕಾರಣಕ್ಕೆ. ಅಂಥ ಕಡತಗಳನ್ನು ಪರಿವರ್ತಿಸಿದ ಮೇಲೆ ಮೂಲದ ಅಚ್ಚುಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಕರಡು ತಿದ್ದಬೇಕಾಗುತ್ತದೆ.